ಇಪ್ಪತ್ತಮೂರನೆಯ ಖಾಲಿ ಗೆರೆ

ಬೋರ್ಡು ಬರೆಯುವವನನ್ನು ಜನ ನೋಡುವುದಿಲ್ಲ, ಬೋರ್ಡನ್ನು ನೋಡುತ್ತಾರೆ. ಅದರ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ. ಮೂವತ್ತು ವರ್ಷ ಏಣಿಯ ಮೇಲೆ ನಿಂತು, ಬೀದಿಗೆ ಬೆನ್ನು ಹಾಕಿ ಬದುಕಿದ ಮನುಷ್ಯ. ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ‘ಇಲ್ಲಿ ವಾಹನ ನಿಲ್ಲಿಸಬಾರದು’, ‘ನಾಯಿ ಇದೆ ಎಚ್ಚರಿಕೆ’ ಎಲ್ಲವೂ ಅವನ ಕೈಯವು. ನಾಯಿ ಸಾಕದ ಮನೆಗಳಿಗೂ ಬರೆದುಕೊಟ್ಟಿದ್ದಾನೆ. ಅಂಥ ಮನೆಯವರೇ ದಪ್ಪಕ್ಷರ ಕೇಳುವುದು ಎನ್ನುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಬೋರ್ಡಣ್ಣ.

ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಅವನಿಗೆ ಅಕ್ಷರ ಹತ್ತಿದ್ದು ಬಣ್ಣದ ಡಬ್ಬಿಗಳ ನಡುವೆ, ಒಬ್ಬ ಸಿಡುಕ ಮುದುಕನ ಕೈಕೆಳಗೆ. ಆ ಗುರು ಹೇಳಿಕೊಟ್ಟ ಪಾಠ ಒಂದೇ: ಗೆರೆ ಮೊದಲು, ಅಂಕಿ ಆಮೇಲೆ, ಹೆಸರು ಕೊನೆಗೆ. ಉದ್ದದ ಪಟ್ಟಿ ಬರೆಯುವಾಗ ಮೇಲಿನಿಂದ ಹೆಸರು ತುಂಬುತ್ತ ಬಂದರೆ ಕೊನೆಯ ನಾಲ್ಕು ಹೆಸರು ಬಸ್ಸಿನ ಮೆಟ್ಟಿಲ ಮೇಲೆ ಜೋತುಬಿದ್ದವರ ಹಾಗೆ ಕಾಣುತ್ತವೆ. ಅದಕ್ಕೇ ಮೊದಲು ಸೀಮೆಸುಣ್ಣ ಸವರಿದ ದಾರ ಎಳೆದು ಮೀಟಿ ಅಷ್ಟೂ ಗೆರೆ ಮೂಡಿಸಬೇಕು, ಗೆರೆಗಳಿಗೆ ಬಣ್ಣ ಕೊಟ್ಟು ಎಡಕ್ಕೆ ಅಷ್ಟೂ ಅಂಕಿ ಬರೆದು ಮುಗಿಸಬೇಕು, ಹೆಸರು ಬಂದ ಹಾಗೆ ಕೂರಿಸುತ್ತ ಹೋಗಬೇಕು. ಮೂವತ್ತು ವರ್ಷ ಅವನು ಈ ಕ್ರಮ ತಪ್ಪಿಸಿರಲಿಲ್ಲ. ಅವನು ಮಾಡಿದ ತಪ್ಪು ಅದೇ.

ಮಗಳು ಓದುತ್ತಿದ್ದ ಶಾಲೆಯಲ್ಲಿ ಏಳನೆಯ ತರಗತಿಯ ಪೋಷಕರದೊಂದು ಬಳಗವಿತ್ತು. ವಿಜ್ಞಾನದ ಲ್ಯಾಬಿಗೆ ಹಣ ಕೂಡಿಸಲು ಹೊರಟಿತ್ತು. ಮನೆಗೆ ಇಷ್ಟು ಎಂದು ಮೊತ್ತ ನಿಗದಿ ಮಾಡಿ, ಕೆಳಗೆ ‘ಸ್ವಇಚ್ಛೆಯಿಂದ’ ಎಂದು ಸೇರಿಸಿದ್ದರು. ಮೊತ್ತವನ್ನು ಇನ್ನೊಬ್ಬರು ಗೊತ್ತು ಮಾಡಿದ ಮೇಲೆ ಇಚ್ಛೆ ಯಾರದು ಎಂದು ಯಾರೂ ಕೇಳಲಿಲ್ಲ. ಕೊಟ್ಟವರ ಹೆಸರಿಗೆ ಒಂದು ಬೋರ್ಡು ಬೇಕೆಂದಾಗ ಬೋರ್ಡಣ್ಣ ತಾನೇ ಮುಂದೆ ಬಂದ. ‘ನನ್ನ ಪಾಲಿನ ದುಡ್ಡಿಗೆ ಕೂಲಿ ವಜಾ ಮಾಡ್ಕೊಳ್ಳಿ’ ಎಂದ. ಖಜಾಂಚಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಹಾಜರಿ ಪಟ್ಟಿಯ ಒಂದು ಪ್ರತಿ ಕೊಟ್ಟರು. ನಲವತ್ತೊಂದು ಮಕ್ಕಳು. ಇವನು ನಲವತ್ತೊಂದು ಗೆರೆ ಎಳೆದ, ನಲವತ್ತೊಂದು ಅಂಕಿ ಬರೆದ, ಆ ಪಟ್ಟಿಯ ಕ್ರಮದಲ್ಲೇ. ಮಾದರಿ ತೋರಿಸಲೆಂದು ಮಗಳ ನಂಬರಾದ ಹನ್ನೊಂದರ ಮುಂದೆ ತನ್ನ ಹೆಸರನ್ನೇ ಮೊದಲು ಬರೆದ. ನೆರಳು ಕೊಟ್ಟು ಬರೆದ. ಮಗಳ ಶಾಲೆಯ ಗೋಡೆಯ ಮೇಲೆ ತನ್ನ ಹೆಸರು. ಅಷ್ಟು ಆಸೆಯನ್ನು ಯಾರೂ ತಪ್ಪೆನ್ನಲಾರರು.

ಬೋರ್ಡು ತೂಗಿದ್ದು ಮೆಟ್ಟಿಲ ಪಕ್ಕದ ಗೋಡೆಗೆ, ಕುಡಿಯುವ ನೀರಿನ ನಲ್ಲಿಯ ಎದುರಿಗೆ. ಶನಿವಾರ ಶನಿವಾರ ಖಜಾಂಚಿಯ ಚೀಟಿ ಬರುತ್ತಿತ್ತು, ಇವನು ಹೋಗಿ ಹೆಸರು ತುಂಬುತ್ತಿದ್ದ. ಮೂರು ವಾರದಲ್ಲಿ ಮೂವತ್ತನಾಲ್ಕು ತುಂಬಿದವು. ಉಳಿದ ಏಳು ಅಂಕಿಗಳ ಮುಂದೆ ಬರೀ ಗೆರೆ.

ದೊಡ್ಡವರಿಗೆ ಅದು ಏಳು ಬಾಕಿ. ಊಟದ ಬಿಡುವಿನಲ್ಲಿ ಲೋಟ ಹಿಡಿದು ಸಾಲಿನಲ್ಲಿ ನಿಲ್ಲುವ ಮಕ್ಕಳಿಗೆ ಆ ಏಳೂ ಮುಖಗಳು. ಬೆಳಿಗ್ಗೆ ಬೆಳಿಗ್ಗೆ ಹಾಜರಿ ಕೂಗಿ ಕೂಗಿ ಯಾವ ಅಂಕಿ ಯಾರೆಂದು ಅವರಿಗೆ ಬಾಯಿಪಾಠ.

ಒಂದು ಸಂಜೆ ಮಗಳು ಪೆನ್ಸಿಲು ಚೂಪು ಮಾಡುತ್ತ, ತಲೆ ಎತ್ತದೆ ಹೇಳಿದಳು.

‘ಅಪ್ಪ, ಗಿಣಿ ಎಂಟು ದಿನದಿಂದ ಶಾಲೆಗೆ ಬರ್ತಿಲ್ಲ.’

ಗಿಣಿ ಎಂದರೆ ಮಗಳ ಗೆಳತಿ. ಬಾಯಿಗೆ ಬಿಡುವೇ ಇಲ್ಲದ ಹುಡುಗಿಯಾದ್ದರಿಂದ ಬೋರ್ಡಣ್ಣನೇ ಇಟ್ಟ ಹೆಸರು.

‘ಜ್ವರ ಬಂದಿರ್ಬೇಕು.’

‘ಜ್ವರ ಅಲ್ಲ. ನಿನ್ನ ಬೋರ್ಡು.’

ಅವನು ಕುಂಚ ತೊಳೆಯುವುದನ್ನು ನಿಲ್ಲಿಸಿದ.

‘ಅವಳ ನಂಬರ್ರು ಇಪ್ಪತ್ಮೂರು. ಎಲ್ಲಾರೂ ಖಾಲಿ ಇಪ್ಪತ್ಮೂರು ಅಂತಾರೆ. ನಲ್ಲಿ ಹತ್ರ ಹೋದ್ರೆ, ಏ ಖಾಲಿ, ನೀನು ಹಿಂದೆ ನಿಂತ್ಕೋ, ಲ್ಯಾಬ್ ಆದ್ಮೇಲೂ ನೀನು ಹೊರಗೇ ನಿಂತ್ಕೋಬೇಕು ಅಂತಾರೆ. ಅವಳು ನೀರು ಕುಡಿಯೋದೇ ಬಿಟ್ಟಿದ್ಲು. ಆಮೇಲೆ ಬರೋದೂ ಬಿಟ್ಲು.’

‘ನೀನೇನಂದೆ ಅವರಿಗೆ?’

ಮಗಳು ಪೆನ್ಸಿಲಿನ ಮೊನೆಯನ್ನು ಬೆರಳಿಗೆ ಒತ್ತಿ ನೋಡಿಕೊಂಡಳು. ‘ನಾನೇನು ಹೇಳ್ಲಿ? ಬರ್ದಿರೋದು ನಮ್ಮಪ್ಪ ಅಂತ ಎಲ್ಲರಿಗೂ ಗೊತ್ತು.’

ಮರುದಿನ ಅವನು ಗಿಣಿಯ ತಾಯಿಯನ್ನು ಹುಡುಕಿಕೊಂಡು ಹೋದ. ಆಸ್ಪತ್ರೆಗಳ ಹೊದಿಕೆ, ದಿಂಬಿನ ಚೀಲಗಳನ್ನು ಒಗೆದು ಇಸ್ತ್ರಿ ಮಾಡುವ ದೊಡ್ಡ ಶೆಡ್ಡು. ಒಳಗೆ ಕಾಲಿಟ್ಟರೆ ಹಬೆ ಮುಖಕ್ಕೆ ರಾಚುತ್ತದೆ. ಆಕೆಯ ಜೊತೆಗಾರ್ತಿ ಎಲ್ಲಿಗೋ ಹೋಗಿದ್ದಳು. ಒಬ್ಬಳೇ ಉದ್ದನೆಯ ಹೊದಿಕೆ ಹಿಡಿದು ಒದ್ದಾಡುತ್ತಿದ್ದವಳು ಇವನನ್ನು ಕಂಡು, ಯಾರು ಏನು ಎಂದು ಕೇಳದೆ, ‘ಆ ತುದಿ ಹಿಡ್ಕೊಳಿ’ ಎಂದಳು. ಇವನು ಹಿಡಿದ.

‘ಅಕ್ಕ, ನಾನು ಶಾಲೆ ಬೋರ್ಡು ಬರೆದ...’

‘ಗೊತ್ತು. ಅಕ್ಷರ ಚೆನ್ನಾಗಿದೆ.’

ಹೊದಿಕೆ ಬಿಗಿಯಾಯಿತು. ಇಬ್ಬರೂ ಎರಡು ಹೆಜ್ಜೆ ಹತ್ತಿರ ಬಂದು ಮಡಿಸಿದರು, ಮತ್ತೆ ದೂರ ಸರಿದರು.

‘ಬೇಕೂಂತ ಮಾಡಿದ್ದಲ್ಲ ಅಕ್ಕ.’

‘ಬೇಕೂಂತ ಮಾಡಿದ್ರೆ ಬಯ್ದು ಸುಮ್ನಾಗಬಹುದಿತ್ತು.’

‘ಶನಿವಾರ ಸಭೆ ಇದೆ. ಕೇಳ್ತೀನಿ.’

‘ಕೇಳಿ. ಬೇಡ ಅನ್ನಲ್ಲ.’ ಈ ಸಲ ಹತ್ತಿರ ಬಂದವಳು ದೂರ ಸರಿಯಲಿಲ್ಲ. ಅವನ ಕೈಯಲ್ಲಿದ್ದ ಅಂಚನ್ನೂ ಕಿತ್ತುಕೊಂಡಳು. ‘ಆದ್ರೆ ನನ್ನ ಹೆಸರು, ನನ್ನ ಮಗಳ ಹೆಸರು ನಿಮ್ಮ ಬಾಯಿಂದ ಬರಬಾರ್ದು. ಬಂದ್ರೆ ಅವಳು ಆ ಗೇಟು ದಾಟಲ್ಲ. ಪಾಪ ಅಂತ ಯಾರೋ ಕಟ್ಟೋದೂ ಬೇಡ. ಇವತ್ತು ಖಾಲಿ ಅಂತಾರೆ, ನಾಳೆ ಭಿಕ್ಷೆ ಅಂತಾರೆ. ನಮ್ಮಮ್ಮನ ಕಣ್ಣಿನ ಆಪರೇಷನ್ನಿಗೆ ಕೊಟ್ಟು ಕೈ ಬರಿದಾಗಿದೆ ಅಷ್ಟೆ, ನನ್ನ ಕೈ ಏನು ಮುರಿದಿಲ್ಲ. ಆದಾಗ ನಾನೇ ಕೊಡ್ತೀನಿ.’

‘ಆಗ್ಲಿ ಅಕ್ಕ.’

‘ಸೋಮವಾರದವರೆಗೆ ನೋಡ್ತೀನಿ. ಆಮೇಲೆ ಟಿ.ಸಿ. ತಗೊಂಡು ಬೇರೆ ಕಡೆ ಹಾಕ್ತೀನಿ. ಎರಡು ಬಸ್ಸು ಬದಲಾಯಿಸ್ಬೇಕು. ಬದಲಾಯಿಸ್ತಾಳೆ.’

ಬೋರ್ಡಣ್ಣನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವಾಕೆ. ಗುಟ್ಟಿನ ಕಾಯಿಲೆಗಳ ಚೀಟಿಗಳನ್ನು ದಿನವಿಡೀ ಓದಿ, ಮುಖದಲ್ಲಿ ಏನೂ ತೋರಿಸದೆ ಮಾತ್ರೆ ಎಣಿಸಿ ಕೊಡುವವಳು. ಎಲ್ಲ ಕೇಳಿಸಿಕೊಂಡು ಹೇಳಿದಳು:

‘ಬಾಯಿ ಬಿಟ್ರೆ ಬಣ್ಣಗೇಡು. ಶಾಲೆ ಹೊರಗೋಡೆ ಚಿತ್ರದ ಕೆಲಸ ಯಾರ ಕೈಯಲ್ಲಿದೆ ಗೊತ್ತಲ್ಲ?’

ಗೊತ್ತಿತ್ತು. ಬಳಗದ ಅಧ್ಯಕ್ಷೆಯ ಕೈಯಲ್ಲಿ. ಗೋಡೆಯುದ್ದಕ್ಕೂ ಅಕ್ಷರಮಾಲೆ, ಪ್ರಾಣಿಗಳು, ಗ್ರಹಗಳು. ಮೂರು ತಿಂಗಳ ಕೆಲಸ. ಫ್ಲೆಕ್ಸ್ ಬಂದ ಮೇಲೆ ಮೂರು ದಿನದ ಕೆಲಸ ಒಟ್ಟಿಗೆ ಸಿಕ್ಕರೆ ದೊಡ್ಡದು ಎನ್ನುವ ಸ್ಥಿತಿ ಅವನದು.

‘ಹಾಗಾದ್ರೆ ಸುಮ್ನಿರ್ಲಾ?’

‘ಸುಮ್ನಿರಿ ಅಂದ್ನಾ? ಹೋಗಿ. ಕೂಗಾಡ್ಬೇಡಿ ಅಷ್ಟೆ. ನೀವು ಕೂಗಿದ್ರೆ ಜನಕ್ಕೆ ಕೂಗು ಕೇಳುತ್ತೆ, ಮಾತು ಕೇಳಲ್ಲ.’

ಸಭೆಗೆ ಮೊದಲೇ ಒಂದು ಮಾತು ಹಾಕಿಡೋಣವೆಂದು ಅವನು ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದ. ಆಳೆತ್ತರದ ಅಕ್ಷರ ಬರೆಯುವ ಕೈ ಆ ಪುಟ್ಟ ಗುಂಡಿಗಳ ಮೇಲೆ ತಡವರಿಸಿತು. ಮುಕ್ಕಾಲು ಗಂಟೆಯಲ್ಲಿ ಮೂರು ವಾಕ್ಯ: ‘ಬೋರ್ಡಿನ ಖಾಲಿ ಗೆರೆಗಳಿಂದ ಮಕ್ಕಳಿಗೆ ನೋವಾಗುತ್ತಿದೆ. ಅಂಕಿ ಅಳಿಸಲು ಒಪ್ಪಿಗೆ ಕೊಡಿ. ತಪ್ಪು ನನ್ನದು.’

ಎಲ್ಲರೂ ಓದಿದರು. ಅರ್ಧ ಗಂಟೆಯ ನಂತರ ಯಾರೋ ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಎಂದರು. ಕೊನೆಗೆ ಅಧ್ಯಕ್ಷೆಯಿಂದ ಬಂತು: ‘ಇದು ಸೂಕ್ಷ್ಮ ವಿಷಯ. ಗುಂಪಿನಲ್ಲಿ ಚರ್ಚೆ ಬೇಡ.’ ಅದಕ್ಕೆ ಹದಿನೇಳು ಹೆಬ್ಬೆರಳುಗಳು.

ಸೂಕ್ಷ್ಮವಂತೆ! ಮಗುವಿನ ನೆತ್ತಿಗೆ ಖಾಲಿ ಎಂದು ಬರೆದು ನಲ್ಲಿಯೆದುರು ತೂಗುಹಾಕಿದಾಗ ಸೂಕ್ಷ್ಮವಾಗಿರಲಿಲ್ಲ. ಅದನ್ನು ಇಳಿಸಿ ಎಂದಾಗ ಸೂಕ್ಷ್ಮವಾಯಿತು.

ಶನಿವಾರ ಹತ್ತು ಗಂಟೆಗೆ ಏಳನೆಯ ತರಗತಿಯ ಕೋಣೆಯಲ್ಲೇ ಸಭೆ. ಇಪ್ಪತ್ತು ಜನ ದೊಡ್ಡವರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿ ತುರುಕಿಕೊಂಡಿದ್ದರು. ಗಿಣಿಯ ತಾಯಿ ಬಂದಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಬೇಕಾದಾಗ ಹೊರಗೆ ನೋಡಲು ಅನುಕೂಲವಾಗುವಂತೆ ಕಿಟಕಿಯ ಪಕ್ಕ ಕೂತಿದ್ದರು.

ಅಧ್ಯಕ್ಷೆ ಟೈಲ್ಸ್ ಅಂಗಡಿಯ ಯಜಮಾನಿ. ಲ್ಯಾಬಿನ ನೆಲಕ್ಕೆ ಬೇಕಾದಷ್ಟೂ ಟೈಲ್ಸನ್ನು ಬಿಟ್ಟಿ ಕೊಟ್ಟವರು, ಇಲಾಖೆಯ ಮೆಟ್ಟಿಲು ಹತ್ತಿ ಇಳಿದವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವತ್ತು ಅವರೆದುರು ಮಾತಾಡುವುದು ಸುಲಭವಾಗುತ್ತಿತ್ತು.

‘ಬೋರ್ಡಣ್ಣ, ಗೆರೆ ಎಳೆದೋರು ನೀವು, ಅಂಕಿ ಬರೆದೋರು ನೀವು. ಈಗ ಕೇಳ್ತಿರೋದು ನಮ್ಮನ್ನ.’

‘ಹೌದು ಮೇಡಂ, ತಪ್ಪು ನಂದೇ. ಸರಿ ಮಾಡ್ತೀನಿ ಅಂತಾನೇ ಕೇಳ್ತಿರೋದು. ಅಂಕಿ ತೆಗೆದು, ಖಾಲಿ ಗೆರೆ ಮುಚ್ಚಿ, ಕೊಟ್ಟಿರೋರ ಹೆಸರನ್ನ ಬೇರೆ ಕ್ರಮದಲ್ಲಿ ಬರೀತೀನಿ. ಕೂಲಿ ಬೇಡ.’

ಖಜಾಂಚಿ ಕನ್ನಡಕ ಸರಿಮಾಡಿಕೊಂಡರು. ‘ಹೋದ ವರ್ಷ ಇದೇ ಬಳಗ ಆರು ತಿಂಗಳು ಕೇಳಿದ್ರೂ ಅರ್ಧ ಜನ ಕೊಟ್ಟಿರ್ಲಿಲ್ಲ. ಈ ಸಲ ಮೂರೇ ವಾರದಲ್ಲಿ ಮೂವತ್ನಾಲ್ಕು. ಯಾಕೆ? ಖಾಲಿ ಗೆರೆ ಕಾಣ್ತಿತ್ತು, ಅದಕ್ಕೆ. ನಿಮ್ಮ ಬೋರ್ಡು ಕೆಲಸ ಮಾಡ್ತಿದೆ ಅಣ್ಣ!’

ಹೊಗಳಿಕೆಯೆಂದೇ ಹೇಳಿದ್ದು. ಆದರೆ ಮೂವತ್ತನಾಲ್ಕರಲ್ಲಿ ಎಷ್ಟು ಜನ ಲ್ಯಾಬಿಗಾಗಿ ಕೊಟ್ಟಿದ್ದರು, ಎಷ್ಟು ಜನ ಆ ಗೆರೆಗೆ ಹೆದರಿ ಕೊಟ್ಟಿದ್ದರು ಎಂಬುದು ಬೆಂಚು ಬೆಂಚಿಗೂ ಗೊತ್ತಿತ್ತು. ಇಬ್ಬರು ಮೂವರು ಮೊಬೈಲು ತೆಗೆದು ನೋಡತೊಡಗಿದರು.

ಅಧ್ಯಕ್ಷೆ ದನಿ ತಗ್ಗಿಸಿದರು. ‘ಸರಿ, ಮಗುವಿಗೆ ನೋವಾಗ್ತಿದೆ ಅಂದ್ರಿ. ಯಾವ ಮಗು? ಹೆಸರು ಹೇಳಿ. ಈ ಕೋಣೆಯಿಂದಾಚೆ ಹೋಗಲ್ಲ. ನಾನೇ ಕಟ್ಟಿಬಿಡ್ತೀನಿ, ಈಗ್ಲೇ.’ ಬ್ಯಾಗಿನ ಜಿಪ್ಪು ಎಳೆದ ಸದ್ದು ಎಲ್ಲರಿಗೂ ಕೇಳಿಸಿತು.

ಬೋರ್ಡಣ್ಣನ ನಾಲಗೆಯ ತುದಿಯಲ್ಲಿ ಇಪ್ಪತ್ತಮೂರು ಬಂದು ನಿಂತಿತು. ಎರಡು ಅಂಕಿ. ಹೇಳಿದರೆ ಗೆರೆ ತುಂಬುತ್ತದೆ, ಗೋಡೆಯ ಕೆಲಸ ಉಳಿಯುತ್ತದೆ, ಅಧ್ಯಕ್ಷೆಗೆ ಪುಣ್ಯ ಬರುತ್ತದೆ. ಮತ್ತು ಆ ಹುಡುಗಿ ಈ ಗೇಟು ದಾಟುವುದಿಲ್ಲ.

‘ಹೇಳೋಕಾಗಲ್ಲ ಮೇಡಂ.’

‘ಹೇಳದೆ ಸಹಾಯ ಹೇಗೆ ಮಾಡೋದು?’

‘ಸಹಾಯ ಕೇಳೋಕೆ ಬಂದಿಲ್ಲ ಮೇಡಂ. ಅಂಕಿ ಅಳಿಸೋಕೆ ಕೇಳ್ತಿದ್ದೀನಿ.’

ಹಿಂದಿನ ಬೆಂಚಿನಿಂದ ಒಂದು ದನಿ, ಮುಖ ಕಾಣದಂತೆ: ‘ಮಗು ಅನ್ನೋದು ನಿಜವಾಗ್ಲೂ ಇದೆಯೋ ಇಲ್ವೋ. ಕೂಲೀಲಿ ವಜಾ ಮಾಡ್ಕೊಂಡೋರು ಕೈಯಿಂದ ಕೊಟ್ಟೋರಿಗೆ ಬುದ್ಧಿ ಹೇಳೋದು ನೋಡಪ್ಪ!’

ನಾಲ್ಕು ಜನ ನಕ್ಕರು. ಕೂಗಲೆಂದು ಬಾಯಿ ತೆರೆದ ಬೋರ್ಡಣ್ಣನಿಗೆ ಹೆಂಡತಿಯ ಮಾತು ನೆನಪಾಯಿತು. ಮುಚ್ಚಿಕೊಂಡ.

ಬಸ್ಸಿನ ಕಂಡಕ್ಟರೊಬ್ಬರು ಮುಂದಿನ ಬೆಂಚಿನಲ್ಲಿದ್ದರು. ಹಿಂದಕ್ಕೆ ತಿರುಗಿ, ‘ಯಾರಪ್ಪ ಅದು, ಮುಂದೆ ಬನ್ನಿ, ನನ್ನ ಬಸ್ಸಲ್ಲಿ ಹಿಂದೆ ನಿಂತು ಮಾತಾಡೋರು ಜಾಸ್ತಿ ಜನ ಟಿಕೆಟ್ ತಗೊಂಡಿರಲ್ಲ’ ಎಂದರು. ನಗು ಆ ಕಡೆಯಿಂದ ಈ ಕಡೆಗೆ ಸರಿಯಿತು. ಆದರೆ ಅಷ್ಟರಿಂದ ಏನೂ ಆಗಲಿಲ್ಲ.

‘ಕೈ ಎತ್ತಿಬಿಡಿ, ಮುಗಿಸೋಣ’ ಎಂದರು ಅಧ್ಯಕ್ಷೆ. ‘ಬೋರ್ಡು ಹಾಗೇ ಇರಲಿ ಅನ್ನೋರು?’

ಹದಿನಾಲ್ಕು ಕೈ. ಕೆಲವು ನೆಟ್ಟಗೆ ಎದ್ದವು. ಕೆಲವು ಕಿವಿಯ ಹತ್ತಿರ ಬಂದು, ತುರಿಸಿಕೊಳ್ಳುತ್ತಿದ್ದೇವೆ ಎಂದೂ ಹೇಳಬಹುದಾದ ಎತ್ತರದಲ್ಲಿ ನಿಂತವು. ಮುಖ್ಯೋಪಾಧ್ಯಾಯಿನಿ ಕಿಟಕಿಯಾಚೆ ನೋಡಿದರು.

‘ಮುಗೀತು. ಇನ್ನು ಹೊರಗೋಡೆ ಚಿತ್ರದ ಕೆಲಸ.’ ಅಧ್ಯಕ್ಷೆ ಕಾಗದ ತಿರುವಿ, ಬೋರ್ಡಣ್ಣನ ಮುಖವನ್ನೇ ನೋಡಿದರು. ‘ನಿಮಗೇ ಕೊಡೋದು ಅಂತ ನನ್ನ ಮನಸ್ಸಲ್ಲಿದೆ.’

ಥ್ಯಾಂಕ್ಸ್ ಮೇಡಂ ಎಂದು ಕೂತಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ. ಅವನು ಕೇಳಿದ್ದ, ಅವರು ಬೇಡ ಎಂದಿದ್ದರು. ಹೆಂಡತಿಗೂ ಮಗಳಿಗೂ ಹೇಳಲು ಉತ್ತರವಿತ್ತು. ಅವನು ಎದ್ದು ನಿಂತ. ಬೆಂಚಿಗೆ ಮೊಣಕಾಲು ತಾಗಿ ನೋಯಿತು.

‘ಒಂದು ಕೇಳ್ತೀನಿ ಮೇಡಂ. ಬೋರ್ಡಲ್ಲಿ ಹೆಸರು ಹಾಕಿಸ್ಕೊಳ್ಳೋದು ಅವರವರ ಇಷ್ಟ ತಾನೇ?’

‘ಇಷ್ಟಾನೇ. ಯಾರಿಗೂ ಬಲವಂತ ಇಲ್ಲ.’

‘ಹಾಗಾದ್ರೆ ನಂದು ಬೇಡ.’

ಹೊರಗೆ ನಡೆದ. ಒಣಗಿದ ಎನಾಮಲ್ ಬಣ್ಣ ಒರೆಸಿದರೆ ಹೋಗುವುದಿಲ್ಲ. ಅದರ ಮೇಲೆ ಬೋರ್ಡಿನ ಹಿನ್ನೆಲೆಯ ಬಣ್ಣವನ್ನೇ ಬಳಿಯಬೇಕು. ತಿದ್ದಲು ಬೇಕಾದೀತೆಂದು ಬೋರ್ಡಿನ ನೀಲಿ ಬಣ್ಣ ಒಂದಿಷ್ಟು ಉಳಿಸಿ, ಕುಂಚ, ಕೋಲಿನ ಜೊತೆ ಮೆಟ್ಟಿಲ ಕೆಳಗಿಟ್ಟಿದ್ದ. ಡಬ್ಬಿಯ ಮುಚ್ಚಳ ಅಂಟಿಕೊಂಡಿತ್ತು. ಬೀಗದ ಕೈಯಿಂದ ಮೀಟಿ ತೆಗೆಯುವಷ್ಟರಲ್ಲಿ ಸಭೆಯೆಲ್ಲ ಎದ್ದು ಮೊಗಸಾಲೆಗೆ ಬಂದಿತ್ತು. ಅವನು ಕೈಗೆ ಆಸರೆಯ ಕೋಲನ್ನು ಬೋರ್ಡಿಗೆ ಊರಿ, ಅದರ ಮೇಲೆ ಮಣಿಕಟ್ಟು ಇಟ್ಟು, ನೆರಳು ಕೊಟ್ಟು ಬರೆದಿದ್ದ ತನ್ನ ಹೆಸರಿನ ಮೇಲೆ ಕುಂಚ ಎಳೆದ. ಗೆರೆ ಕೆಡದಂತೆ ಮೂರು ಎಳೆತ. ಹನ್ನೊಂದು ಖಾಲಿಯಾಯಿತು.

‘ಏನ್ರೀ ಇದು!’ ಎಂದರು ಖಜಾಂಚಿ. ‘ನೀವು ಕೊಟ್ಟೂ ಕೊಡದೇ ಇರೋರ ಸಾಲಿಗೆ ಸೇರ್ಕೊಂಡ್ರಲ್ಲ! ಯಾರು ಕೊಟ್ಟಿದ್ದಾರೆ, ಯಾರು ಇಲ್ಲ ಅಂತ ಬೋರ್ಡು ನೋಡಿದ್ರೆ ಇನ್ನು ಹೇಗೆ ಗೊತ್ತಾಗ್ಬೇಕು?’

‘ಗೊತ್ತಾಗ್ಬಾರ್ದು ಸಾರ್.’

ಮೊದಲು ಹೊಳೆದದ್ದು ಕಂಡಕ್ಟರಿಗೆ. ‘ಅಯ್ಯೋ, ಹೌದಲ್ಲ! ಖಾಲಿ ಅಂದ್ರೆ ಕೊಟ್ಟಿಲ್ಲ ಅಂತ ಇನ್ನು ಯಾರೂ ಹೇಳೋ ಹಾಗಿಲ್ಲ! ರಸೀದಿ ಪುಸ್ತಕ ಇದೆಯಲ್ಲ ಸಾರ್, ನಿಮಗೆ ಗೊತ್ತಿದ್ರೆ ಸಾಕು. ಅಣ್ಣ, ಮೂವತ್ತೆರಡು ನಂದು. ಬಳಿ.’

ಬೋರ್ಡಣ್ಣ ಬಳಿದ. ಬೋರ್ಡು ಇರಲಿ ಎಂದು ಕೈ ಎತ್ತಿದ್ದ ಹೆಂಗಸೊಬ್ಬಳು, ಕನ್ನಡಕದಂಗಡಿಯಾಕೆ, ಮುಂದೆ ಬಂದು ಗೋಡೆಗೆ ಹೇಳುವಂತೆ ಹೇಳಿದಳು: ‘ಆರು. ಅದು ನಮ್ಮೆಜಮಾನರ ಹೆಸರು. ಅವರು ಕೇಳಿದ್ರೆ ಬಣ್ಣ ಉದುರಿತು ಅನ್ನಿ.’

ಅಷ್ಟೇ. ಮತ್ತಾರೂ ಬರಲಿಲ್ಲ. ಉಳಿದವರು ತಮ್ಮ ತಮ್ಮ ಹೆಸರು ಕ್ಷೇಮವಾಗಿದೆಯೇ ಎಂದು ಒಮ್ಮೆ ಕಣ್ಣಾಡಿಸಿ ಹೊರಟರು. ಈಗ ಹತ್ತು ಗೆರೆ ಖಾಲಿ. ಅವುಗಳಲ್ಲಿ ಮೂರು ಕೊಟ್ಟವರದು ಎಂಬುದು ಸಂಜೆಯೊಳಗೆ ಎಲ್ಲ ಮನೆಗೂ ಮುಟ್ಟಿತು. ಅಂಥ ಸುದ್ದಿ ಹೊತ್ತೊಯ್ಯಲು ಆ ಗುಂಪಿಗೆ ಯಾವ ಸೂಕ್ಷ್ಮವೂ ಅಡ್ಡ ಬರಲಿಲ್ಲ.

ಅಧ್ಯಕ್ಷೆ ಕೊನೆಗೆ ಹೊರಟವರು. ‘ಗೋಡೆ ಕೆಲಸದ ವಿಷಯ ಆಮೇಲೆ ಹೇಳ್ತೀನಿ’ ಎಂದರು. ಸಿಟ್ಟಿರಲಿಲ್ಲ, ನೊಂದಿದ್ದರು. ಆಮೇಲೆ ಎಂದರೆ ಏನೆಂದು ಮೂವತ್ತು ವರ್ಷ ಗಿರಾಕಿಗಳ ಬಾಗಿಲಲ್ಲಿ ನಿಂತವನಿಗೆ ಹೇಳಿಕೊಡಬೇಕಿರಲಿಲ್ಲ. ಮರುವಾರವೇ ಫ್ಲೆಕ್ಸಿನವರು ಬಂದು ಗೋಡೆಗೆ ಟೇಪು ಹಿಡಿದರು.

ಆದರೆ ಅದಕ್ಕೆ ಮೊದಲು ಸೋಮವಾರ ಬಂತು. ಶಾಲೆಯ ಎದುರಿನ ಚಪ್ಪಲಿ ಅಂಗಡಿಯ ಹಣೆಬೋರ್ಡಿಗೆ ಹೊಸ ಅಕ್ಷರ ಬರೆಯುವ ಸಣ್ಣ ಕೆಲಸವೊಂದಿತ್ತು. ಬೆಳಿಗ್ಗೆ ಬೇಗ ಏಣಿ ಹತ್ತಿದವನು ಆ ದಿನ ಬೀದಿಗೆ ಬೆನ್ನು ಹಾಕಲಾರದೆ, ನಾಲ್ಕು ಎಳೆತಕ್ಕೊಮ್ಮೆ ಗೇಟಿನ ಕಡೆ ತಿರುಗುತ್ತಿದ್ದ. ಬೆಲ್ಲು ಹೊಡೆಯಿತು. ಗೇಟಿನ ಮುಂದಿದ್ದ ಮಕ್ಕಳೆಲ್ಲ ಒಳಗೆ ಹೋದರು. ಗಿಣಿ ಇರಲಿಲ್ಲ.

ಕಾಲು ಗಂಟೆ ಕಳೆದ ಮೇಲೆ ತಾಯಿ ಮಗಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ತಾಯಿಯ ಕೈಯಲ್ಲಿ ಮಡಿಸಿದ ಅರ್ಜಿಯಂಥ ಕಾಗದವಿತ್ತು. ಮಗಳ ಬೆನ್ನಿಗೆ ಚೀಲವಿತ್ತು. ಟಿ.ಸಿ. ಪಡೆಯಲು ಬರುವವರು ಪುಸ್ತಕದ ಚೀಲ ಹೊರಿಸಿ ತರುತ್ತಾರೆಯೇ? ತರಬಹುದು. ಪುಸ್ತಕಗಳನ್ನು ಹಿಂದಿರುಗಿಸಬೇಕಲ್ಲ.

ಇಬ್ಬರೂ ಒಳಗೆ ಹೋದರು. ಅವನು ‘ಪಾ’ ಬರೆಯುತ್ತಿದ್ದ. ‘ಪಾದರಕ್ಷೆ’ಯ ಮೊದಲ ಅಕ್ಷರ. ಕುಂಚ ಅರ್ಧಕ್ಕೇ ನಿಂತಿತು. ಕೆಳಗಿನಿಂದ ಅಂಗಡಿಯವನು, ‘ಏನಣ್ಣ, ಮೇಲೇ ನಿದ್ದೆ ಬಂತಾ?’ ಎಂದ. ಇವನಿಗೆ ಕೇಳಿಸಲಿಲ್ಲ. ಮೊಗಸಾಲೆ ಅಲ್ಲಿಂದ ಕಾಣುತ್ತಿರಲಿಲ್ಲ. ಆಫೀಸು ಎಡಕ್ಕೆ, ನಲ್ಲಿ ಬಲಕ್ಕೆ.

ಇಪ್ಪತ್ತು ನಿಮಿಷದ ನಂತರ ಆಕೆ ಹೊರಗೆ ಬಂದಳು. ಒಬ್ಬಳೇ. ಕಾಗದ ಇನ್ನೂ ಕೈಯಲ್ಲೇ ಇತ್ತು, ಈಗ ಚಿಕ್ಕ ಉಂಡೆಯಾಗಿ. ರಸ್ತೆ ದಾಟಿ, ಏಣಿಯ ಕೆಳಗೆ ನಿಂತು ತಲೆಯೆತ್ತಿದಳು.

‘ಹನ್ನೊಂದು ಯಾಕೆ ಖಾಲಿ ಇದೆ?’

‘ಬಣ್ಣ ಸರಿಯಾಗಿ ಹಿಡಿದಿರ್ಲಿಲ್ಲ ಅಕ್ಕ.’

‘ಅಕ್ಷರ ಬಂದಷ್ಟು ಚೆನ್ನಾಗಿ ಸುಳ್ಳು ಬರಲ್ಲ ನಿಮಗೆ’ ಎಂದಳು. ಲಾಂಡ್ರಿಗೆ ಹೊತ್ತಾಗಿತ್ತು, ಬಿರಬಿರನೆ ನಡೆದು ತಿರುವಿನಲ್ಲಿ ಮರೆಯಾದಳು.

ಅವನು ಬೋರ್ಡಿನ ಕಡೆ ತಿರುಗಿದ. ಅರ್ಧ ಬರೆದ ಅಕ್ಷರ ಒಣಗಿಹೋಗಿತ್ತು. ಅಲ್ಲಿಂದಲೇ ಮುಂದುವರಿಸಿದರೆ ಬೆಸುಗೆ ಕಾಣುತ್ತದೆ. ಇಡೀ ಅಕ್ಷರ ಅಳಿಸಿ ಮೊದಲಿನಿಂದ ಬರೆದ.

ಸಂಜೆ ಮಗಳು ಬಾಗಿಲಲ್ಲೇ ಚೀಲ ಎಸೆದಳು.

‘ಅಪ್ಪ, ಗಿಣಿ ಬಂದ್ಲು! ನಲ್ಲಿ ಹತ್ರ ಹೋಗಿ ಬೋರ್ಡು ನೋಡಿದ್ಲು. ಏನಂದ್ಲು ಗೊತ್ತಾ? ಎಲ್ಲರೆದುರೇ ಜೋರಾಗಿ, ನಿಮ್ಮಪ್ಪಾನೂ ಖಾಲಿ ಕಣೇ, ಅಂದ್ಲು.’

‘ನೀನೇನಂದೆ?’

‘ನಗು ಬಂತು. ಇಬ್ರೂ ನೀರು ಕುಡಿದ್ವಿ.’ ಒಳಗೆ ಹೋದವಳು ಮತ್ತೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ‘ಆದ್ರೂ ನಿನ್ನ ಹೆಸರು ಚೆನ್ನಾಗಿತ್ತಪ್ಪ. ನೆರಳೆಲ್ಲ ಕೊಟ್ಟಿದ್ದೆ.’

‘ಚೆನ್ನಾಗಿತ್ತು’ ಎಂದ ಅವನು, ಬೆರಳಿಗೆ ಮೆತ್ತಿದ್ದ ನೀಲಿಯನ್ನು ಉಜ್ಜುತ್ತ. ಎರಡು ದಿನವಾಗಿದ್ದರೂ ಅದು ಪೂರ್ತಿ ಹೋಗಿರಲಿಲ್ಲ.